ಮಗ್ಗಗಳು ನಿಂತ ಹೊತ್ತು

ಬಸುರಿ ಊಟಕ್ಕೆ ಕೂರುವ ಮೊದಲೇ, ಅವಳು ಕೂರುತ್ತಾಳೆಂದು ತಿಳಿದುಕೊಂಡು ಮದ್ದು ಕೊಡುವ ಯಂತ್ರವೊಂದು ಇದ್ದಿದ್ದರೆ ಎಷ್ಟು ಕೂಸುಗಳು ಉಳಿಯುತ್ತಿದ್ದವು ಎಂದು ವೈದ್ಯರು ಬಹಳ ವರ್ಷ ಹಲುಬಿದರು. ಕೊನೆಗೆ ಯಂತ್ರ ಬಂತು. ಎರಡು ಬೆರಳಗಲದ ಪಟ್ಟಿ. ಎಡತೋಳಿಗೆ ಅಂಟಿಸಿದರೆ ಕೂದಲಿನಷ್ಟು ಸಣ್ಣ ಸೂಜಿ ಚರ್ಮದೊಳಗೆ ಇಳಿದು ಕೂರುತ್ತಿತ್ತು. ಸಕ್ಕರೆ ಅಳೆಯುವುದೂ ಅದೇ, ಇನ್ಸುಲಿನ್ ಬಿಡುವುದೂ ಅದೇ. ಜನ ಅದನ್ನು ತೋಳಪಟ್ಟಿ ಎಂದು ಕರೆದರು.

ಬಸುರಿನಲ್ಲಿ ಬರುವ ಈ ಸಕ್ಕರೆ ಕಾಯಿಲೆಯನ್ನು ತಿಳಿದುಕೊಳ್ಳುವುದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಹೊಟ್ಟೆಯಲ್ಲಿ ಕೂಸನ್ನು ಸಾಕುವ ಮಾಸು ತಾಯಿಯ ರಕ್ತಕ್ಕೆ ಕೆಲವು ರಸಗಳನ್ನು ಬಿಡುತ್ತದೆ. ಆ ರಸಗಳು ಇನ್ಸುಲಿನ್ನಿನ ಕೈ ಕಟ್ಟಿಹಾಕುತ್ತವೆ. ಹೆಚ್ಚಿನ ಹೆಂಗಸರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿಕೊಂಡು ಸಂಭಾಳಿಸುತ್ತದೆ. ಕೆಲವರದು ಸೋಲುತ್ತದೆ. ಆಗ ತಾಯಿಯ ಸಕ್ಕರೆ ಏರಿ ಕೂಸಿಗೂ ಹರಿಯುತ್ತದೆ. ಕೂಸು ಅಳತೆ ಮೀರಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಒಮ್ಮೊಮ್ಮೆ ಹೊಟ್ಟೆಯಲ್ಲೇ ಜೀವ ಹೋಗುತ್ತದೆ. ಮೊದಲೇ ಪರೀಕ್ಷೆ ಮಾಡಿಸಿಕೊಂಡು, ಹಿತಮಿತವಾಗಿ ಉಂಡು, ದಿನಾ ಒಂದಷ್ಟು ನಡೆದರೆ ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತೋಳಪಟ್ಟಿ.

ತೊಡಕು ಒಂದೇ ಇತ್ತು. ಅನ್ನ, ರೊಟ್ಟಿಯ ಸಕ್ಕರೆ ಬೇಗ ಏರುತ್ತದೆ, ಇನ್ಸುಲಿನ್ ನಿಧಾನಕ್ಕೆ ಕೆಲಸ ಮಾಡುತ್ತದೆ. ಹಾಗಾಗಿ ಮದ್ದು ತುತ್ತಿಗಿಂತ ಮುಂಚೆಯೇ ಮೈಯಲ್ಲಿರಬೇಕು. ಗುಂಡಿ ಒತ್ತಿ ಎಂದರೆ ಹೆಂಗಸರು ಮರೆಯುತ್ತಿದ್ದರು. ನೂರು ಕೆಲಸದ ನಡುವೆ ಉಣ್ಣುವುದನ್ನೇ ಮರೆಯುವವರು ಗುಂಡಿ ಎಲ್ಲಿ ನೆನಪಿಡುತ್ತಾರೆ? ಅದಕ್ಕೇ ಪಟ್ಟಿಯನ್ನು ತಾನಾಗಿ ಕಲಿಯುವಂತೆ ಮಾಡಿದರು. ತೊಟ್ಟವಳ ನಡೆ, ಕೈಯ ಅಲುಗಾಟ, ಮನೆಯ ಸದ್ದು ಎಲ್ಲವನ್ನೂ ಗಮನಿಸಿ, ಇವಳು ಇನ್ನೇನು ಉಣ್ಣುತ್ತಾಳೆ ಎಂದು ಅದು ಮುಂದಾಗಿ ಊಹಿಸುತ್ತಿತ್ತು. ಊಹೆ ತಪ್ಪುತ್ತಲೇ ಇರಲಿಲ್ಲ. ಜಿಲ್ಲೆಯಲ್ಲಿ ಈ ಕಾಯಿಲೆಯಿಂದ ಕೂಸು ಸತ್ತ ಸುದ್ದಿ ನಿಂತೇಹೋಯಿತು. ಯಂತ್ರದ ಮೇಲೆ ಎಲ್ಲರಿಗೂ ನಂಬಿಕೆ ಕೂತಿತು. ನಂಬಿಕೆ ಕೂತ ಮೇಲೆ ಪ್ರಶ್ನೆ ಕೇಳುವುದು ನಿಂತಿತು.

ಜಿಲ್ಲೆಯ ಪಟ್ಟಿಗಳೆಲ್ಲ ವರದಿ ಕಳಿಸುತ್ತಿದ್ದದ್ದು ತಾಯಿ ಕಾವಲು ಕೇಂದ್ರಕ್ಕೆ. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್. ಕಡಿಮೆ ಮಾತಿನ ಹೆಂಗಸು. ಗೋಡೆಯುದ್ದದ ಪರದೆಯ ಮೇಲೆ ಒಬ್ಬೊಬ್ಬ ಬಸುರಿಗೆ ಒಂದೊಂದು ದೀಪ. ಹಸಿರು ಇದ್ದರೆ ಕ್ಷೇಮ. ಹಳದಿ ಆದರೆ ಫೋನು ಮಾಡಬೇಕು. ಮೊದಮೊದಲು ಯಂತ್ರದ ದನಿಯಲ್ಲೇ ಫೋನು ಹೋಗುತ್ತಿತ್ತು. ಇಂಪಾದ ದನಿ. ಹೆಂಗಸರು ಅದನ್ನು ಪೂರ್ತಿ ಕೇಳಿ, ಮತ್ತೆರಡು ಉಂಡಿ ತಿಂದು ಮಲಗುತ್ತಿದ್ದರು. ಆಗ ತಬಸ್ಸುಮ್ ಗಂಟಲಿರುವ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಳು.

ಅವರಲ್ಲಿ ಎದ್ದು ಕಾಣುತ್ತಿದ್ದವಳು ಫಕೀರವ್ವ. ಬಸ್ ನಿಲ್ದಾಣದ ಹಿಂದೆ ಇಪ್ಪತ್ತು ವರ್ಷ ಖಾನಾವಳಿ ನಡೆಸಿದವಳು. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದಳು. ಅವಳ ಫೋನು ಬಂದರೆ ಬಸುರಿಯ ಜೊತೆ ಗಂಡನೂ ಎದ್ದು ನಡೆಯಲು ಹೋಗುತ್ತಾನೆ ಎಂದು ಕೇಂದ್ರದಲ್ಲಿ ನಗುತ್ತಿದ್ದರು. ಒಬ್ಬಳು ಬಾಳೆಹಣ್ಣು ಒಂದೇ ತಿಂದೆ ಎಂದು ಹೇಳಿದ್ದಕ್ಕೆ, "ಒಂದಕ್ಕ ಇಷ್ಟ ಏರೂದಿಲ್ಲಬೇ. ಸಿಪ್ಪಿ ಸಮೇತ ಗೊನೀನ ನುಂಗಿಯೇನ?" ಎಂದು ಕೇಳಿದ್ದಳು. ಬೈಗುಳದಿಂದ ಸಕ್ಕರೆ ಇಳಿಯುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಫಕೀರವ್ವನ ಪಾಲಿಗೆ ಬಂದ ಹೆಂಗಸರೇ ಎಲ್ಲರಿಗಿಂತ ಶಿಸ್ತಿನವರು. ಅವರ ಪೈಕಿ ಎಲ್ಲರಿಗಿಂತ ಶಿಸ್ತಿನವಳು ಕೆಂಚನಾಳದ ಭುವನಾ.

ಕೆಂಚನಾಳ ನೇಕಾರರ ಊರು. ಮನೆ ಮನೆಯಲ್ಲಿ ಕರೆಂಟಿನ ಮಗ್ಗ. ಬೆಳಗಾಗುತ್ತಲೇ ಶುರುವಾದ ಸದ್ದಿಗೆ ಅಲ್ಲಿಯ ಜನ ಕೂಗಿಯೇ ಮಾತಾಡುತ್ತಾರೆ. ಹಿಂದೆ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ ಇತ್ತು. ಈಗ ಹೊರಗಿನ ಆರ್ಡರುಗಳ ಗಡುವು ಅಮಾವಾಸ್ಯೆ ನೋಡುವುದಿಲ್ಲ. ಕರೆಂಟೂ ಮೊದಲಿನಂತೆ ಹೋಗುವುದಿಲ್ಲ. ಮಗ್ಗ ನಿಲ್ಲುವುದು ಊಟಕ್ಕೆ ಮಾತ್ರ. ಭುವನಾಳ ತೋಳಿನ ಪಟ್ಟಿ ಕಲಿತದ್ದೂ ಅದನ್ನೇ: ಸದ್ದು ನಿಂತರೆ ಊಟ. ಸದ್ದು ನಿಂತ ಕೂಡಲೇ ಅದು ಮದ್ದು ಬಿಡುತ್ತಿತ್ತು. ಗಂಡ ಈರಣ್ಣ ಕೈ ತೊಳೆದು, ಅತ್ತೆ ಶಿವಲೀಲಾ ತಾಟು ಹಾಕುವ ಹೊತ್ತಿಗೆ ಮದ್ದು ಕೆಲಸಕ್ಕೆ ತಯಾರಾಗಿರುತ್ತಿತ್ತು. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ತಾನೇ ಕಲಿತಿತ್ತು, ಏನು ಕಲಿತೆ ಎಂದು ಯಾರಿಗೂ ಹೇಳಿರಲಿಲ್ಲ.

ಭುವನಾಳಿಗೆ ಇದು ಎರಡನೆಯ ಬಸುರು. ಮೊದಲನೆಯದು ತೋಳಪಟ್ಟಿ ಬರುವುದಕ್ಕೆ ಮುಂಚೆ, ಆಗ ಅವಳು ಪರೀಕ್ಷೆಗೇ ಹೋಗಿರಲಿಲ್ಲ. ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ದೊಡ್ಡ, ತುಂಬಿದ ಕೆನ್ನೆಯ ಗಂಡುಕೂಸು. ನೋಡಿದವರು ಇಂಥ ಗಟ್ಟಿಮುಟ್ಟಾದ ಕೂಸು ಹೇಗೆ ಸತ್ತಿತು ಎಂದು ಕೇಳಿದರು. ತವರಿನಲ್ಲಿ ಅವಳಿಗೆ ತಾಯಿ ಇರಲಿಲ್ಲ. ಬಾಣಂತನದಂಥ ಆ ಬಾಣಂತನವನ್ನು ಮಾಡಿದವಳು ಶಿವಲೀಲಾ. ಈ ಸಲ ಸೊಸೆಗೆ ಸಕ್ಕರೆ ಇದೆಯೆಂದು ಮೂರನೆಯ ತಿಂಗಳಲ್ಲೇ ಗೊತ್ತಾದಾಗ ಅವಳು ಮನೆಯಲ್ಲಿ ಸಿಹಿ ಮಾಡುವುದನ್ನೇ ಬಿಟ್ಟಳು. ಸಂಜೆ ಉಂಡ ಮೇಲೆ ಸೊಸೆಯ ಕೈ ಹಿಡಿದು ಕೆರೆ ಏರಿಯ ತನಕ ನಡೆಸಿಕೊಂಡು ಬರುತ್ತಿದ್ದಳು. ಅತ್ತೆಯನ್ನು ಕೆಟ್ಟವಳನ್ನಾಗಿ ಮಾಡಿ ಕಥೆ ಹೇಳುವುದು ಸುಲಭ. ಇಲ್ಲಿ ಅದು ಸುಳ್ಳಾಗುತ್ತದೆ. ಅವಳು ಅಂಜಿದ್ದಳು, ಅಷ್ಟೇ. ಈ ಕೂಸನ್ನು ಸಾಯಲು ಬಿಡದೆ ಉಳಿಸಿಕೊಳ್ಳಬೇಕೆಂದು ಯಾರು ಯಾವ ದಾರಿ ಹೇಳಿದರೂ ಹಿಡಿಯುವಷ್ಟು ಅಂಜಿದ್ದಳು.

ಭುವನಾಳಿಗೆ ಏಳು ತಿಂಗಳು ತುಂಬಿದಾಗ ಸೂರ್ಯಗ್ರಹಣ ಬಂತು. ಜಿಲ್ಲೆಯಲ್ಲಿ ಅಷ್ಟು ದಟ್ಟವಾಗಿ ಕಾಣುವ ಗ್ರಹಣ ತೋಳಪಟ್ಟಿ ಬಂದ ಮೇಲೆ ಅದೇ ಮೊದಲು. ತಬಸ್ಸುಮ್‌ಗೆ ಇದು ಹೊಳೆಯದೆ ಇರಲಿಲ್ಲ. ಗ್ರಹಣದಲ್ಲಿ ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ, ಉಣಿಸುವುದಿಲ್ಲ, ಸೂಜಿ ಕತ್ತರಿ ಮುಟ್ಟಗೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಒಂದು ವಾರ ಮೊದಲೇ ಎಲ್ಲರಿಗೂ ಫೋನು ಮಾಡಿಸಿದಳು. ಎರಡು ಮಾತು: ಪಟ್ಟಿ ತೆಗೆಯಬಾರದು, ಉಪವಾಸ ಇರುವುದಾದರೆ ಈಗಲೇ ಹೇಳಬೇಕು. ಹಾಗೆ ಹೇಳಿದವರ ತೋಳಪಟ್ಟಿಗೆ ಆ ದಿನ ಮದ್ದು ಬಿಡದಂತೆ ಕೇಂದ್ರದಿಂದಲೇ ತಾಕೀತು ಮಾಡಬಹುದಿತ್ತು.

ಬೇರೆಯವರ ಪಾಲಿನ ಹೆಂಗಸರಲ್ಲಿ ಕೆಲವರು ಉಪವಾಸ ಇರುತ್ತೇವೆ ಎಂದು ಒಪ್ಪಿಕೊಂಡರು. ಫಕೀರವ್ವನ ಪಾಲಿನವರಲ್ಲಿ ಒಬ್ಬಳೂ ಒಪ್ಪಲಿಲ್ಲ. ಎಲ್ಲರದೂ ಒಂದೇ ಉತ್ತರ: ಇಲ್ರಿ ಅಕ್ಕಾ, ಉಣ್ತೀವ್ರಿ. ಫಕೀರವ್ವ ಹೆಮ್ಮೆಯಿಂದಲೇ ವರದಿ ಕೊಟ್ಟಳು. ಬೈಯುವವಳಿಗೆ ನಿಜ ಹೇಳುವ ಮಂದಿ ಎಲ್ಲಿದ್ದಾರೆ? ತಬಸ್ಸುಮ್ ಅದನ್ನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಂಕಿಗಳು ಚೆಂದ ಇದ್ದವು, ನೋಡಿ ಸಮಾಧಾನಪಟ್ಟುಕೊಂಡಳು.

ಗ್ರಹಣದ ಮುಂಜಾನೆ ಕೆಂಚನಾಳದಲ್ಲಿ ಮಗ್ಗಗಳು ಎಂದಿನಂತೆ ಶುರುವಾದವು. ಭುವನಾ ಎದ್ದು ಚಹಾ ಕೂಡ ಕುಡಿಯಲಿಲ್ಲ. ಶಿವಲೀಲಾ ಅವಳನ್ನು ಒಳಕೋಣೆಗೆ ಕರೆದೊಯ್ದು, ಕಿಟಕಿಗೆ ಕಂಬಳಿ ಕಟ್ಟಿ, ಪಟ್ಟಿಯನ್ನು ತೆಗೆದಿಡಲು ಹೇಳಿದಳು. ಗ್ರಹಣ ಹಿಡಿದಾಗ ಮೈಯೊಳಗೆ ಸೂಜಿ ಇರಬಾರದು. ಶಿವಲೀಲಾಳ ಅಕ್ಕನ ಮಗುವಿಗೆ ಸೀಳುತುಟಿ ಇತ್ತು. ಅಕ್ಕ ಗ್ರಹಣದ ದಿನ ಕುಪ್ಪಸ ಹೊಲಿದಿದ್ದಳೆಂದು ಮನೆಮಂದಿಯೆಲ್ಲ ನಂಬಿದ್ದರು. ಆದರೆ ಭುವನಾ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ತೆಗೆದರೆ ಫಕೀರವ್ವಕ್ಕನಿಗೆ ಗೊತ್ತಾಗುತ್ತದೆ, ಬೈಯುತ್ತಾರೆ ಎಂದಳು. ಅತ್ತೆ ಸೊಸೆ ಮಾತಾಡಿಕೊಂಡು ನಡುವಿನ ದಾರಿ ಹಿಡಿದರು. ಪಟ್ಟಿ ಇರಲಿ, ಬಿಸಿಲು ತಾಕದಂತೆ ಬಟ್ಟೆ ಸುತ್ತೋಣ. ಊಟ ಮಾತ್ರ ಗ್ರಹಣ ಬಿಟ್ಟ ಮೇಲೆ.

ಗ್ರಹಣ ಹಿಡಿಯುವ ಹೊತ್ತಿಗೆ ಈರಣ್ಣ ಗಡುವನ್ನು ಬದಿಗಿಟ್ಟು, ಗ್ರಹಣದಲ್ಲಿ ನೇಯಬಾರದೆಂದು ಮಗ್ಗ ನಿಲ್ಲಿಸಿದ. ಓಣಿಯಲ್ಲಿ, ಇಡೀ ಊರಿನಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಕಾಗೆಯ ಕೂಗು ಕೇಳುವಷ್ಟು ನಿಶ್ಶಬ್ದ. ಪಟ್ಟಿಗೆ ಸೂರ್ಯನ ಸುದ್ದಿ ಏನು ಗೊತ್ತು? ಸದ್ದು ನಿಂತಿತ್ತು. ಭುವನಾ ಇನ್ನೇನು ಉಣ್ಣುತ್ತಾಳೆ. ಅದು ತನ್ನ ಕೆಲಸ ತಾನು ಮಾಡಿತು.

ಕೇಂದ್ರದ ಪರದೆಯ ಮೇಲೆ ಮೊದಲು ಕೆಂಚನಾಳದ ಮೂರು ದೀಪಗಳು ಹಳದಿಯಾದವು. ಆಮೇಲೆ ಹಾಲಗುಂದಿಯವು. ಎರಡೂ ಮಗ್ಗದ ಊರುಗಳು. ಏರಿದ್ದಕ್ಕೆ ಹಳದಿಯಾಗುವ ದೀಪ ನೋಡಿ ಅಭ್ಯಾಸವಿದ್ದ ಹುಡುಗಿಯರು, ಗ್ರಹಣದ ದಿನವೂ ಕದ್ದು ತಿಂದಿದ್ದಾರೆ ಎಂದು ನಕ್ಕರು. ತಬಸ್ಸುಮ್ ಎದ್ದು ಪರದೆಯ ಹತ್ತಿರ ಹೋದಳು. ಅಂಕಿ ಏರಿರಲಿಲ್ಲ. ಬೀಳುತ್ತಿತ್ತು. ಸಕ್ಕರೆ ಬಹಳ ಏರಿದರೆ ಕೂಸಿಗೆ ತಿಂಗಳುಗಳಲ್ಲಿ ಕೇಡು. ಬಹಳ ಇಳಿದರೆ ತಾಯಿಗೆ ನಿಮಿಷಗಳಲ್ಲಿ ಕೇಡು. ಬೆವರು, ನಡುಕ, ಮಬ್ಬು, ಆಮೇಲೆ ಎಚ್ಚರ ತಪ್ಪುವುದು. ಅವಳು ಎಲ್ಲ ಪಟ್ಟಿಗಳ ಮದ್ದನ್ನೂ ಕೇಂದ್ರದಿಂದಲೇ ನಿಲ್ಲಿಸಿದಳು. ಆದರೆ ಒಳಗೆ ಹೋದ ಮದ್ದನ್ನು ವಾಪಸು ಎಳೆಯುವ ಯಂತ್ರವನ್ನು ಯಾರೂ ಮಾಡಿರಲಿಲ್ಲ.

ಆಂಬುಲೆನ್ಸುಗಳನ್ನು ಕಳಿಸಿ, ಎಲ್ಲ ಮನೆಗಳಿಗೂ ಫೋನು ಮಾಡಿಸಿದರು. ಯಾರೂ ಎತ್ತಲಿಲ್ಲ. ಗ್ರಹಣದಲ್ಲಿ ಫೋನು ಮುಟ್ಟಬಾರದು ಎಂಬ ಹೊಸ ಮಡಿ ಆ ಕಾಲಕ್ಕೆ ಹುಟ್ಟಿಕೊಂಡಿತ್ತು. ಪಟ್ಟಿಯ ಯಂತ್ರದ ದನಿ ಸಕ್ಕರೆ ತಿನ್ನಿ, ಸಕ್ಕರೆ ತಿನ್ನಿ ಎಂದು ಬಟ್ಟೆಯೊಳಗಿಂದ ಹಾಡುತ್ತಲೇ ಇತ್ತು. ಅದರ ಮಾತಿಗೆ ಜನ ಎಂದೂ ಬೆಲೆ ಕೊಟ್ಟಿದ್ದಿಲ್ಲ. ಉಳಿದದ್ದು ಒಂದೇ ಉಪಾಯ. ಪಟ್ಟಿಯ ಮೂಲಕ ನೇರ ಮನೆಯೊಳಗೆ ಮಾತಾಡಬಹುದಿತ್ತು, ಆ ಕಡೆಯ ಮಾತು ಕೇಳಬಹುದಿತ್ತು. ಕೇಳದೆ ಒಬ್ಬರ ಮನೆಯೊಳಗೆ ಕಿವಿ ಇಡುವುದು ತಪ್ಪೆಂದು ಅದಕ್ಕೆ ಬೀಗ ಹಾಕಿದ್ದರು. ತಬಸ್ಸುಮ್ ಬೀಗ ತೆಗೆದಳು. ಕರೆ ಮಾಡುವ ಹೆಂಗಸರೆಲ್ಲ ತಮ್ಮ ತಮ್ಮ ಪಾಲಿನವರ ಹೆಸರು ಹಿಡಿದು ಕೂಗತೊಡಗಿದರು. ಎಲ್ಲರಿಗಿಂತ ವೇಗವಾಗಿ ಬೀಳುತ್ತಿದ್ದ ಅಂಕಿ ಭುವನಾಳದು. ಫಕೀರವ್ವ ಮೊದಲು ಅವಳನ್ನೇ ಕೂಗಿದಳು.

"ಭುವನಾ, ನಾನಬೇ, ಫಕೀರವ್ವ. ಉಂಡಿಯೇನ?"

ಬಟ್ಟೆ ಸರಿದ ಸದ್ದು. ಆಮೇಲೆ ತೆಳುವಾದ ದನಿ. "ಉಂಡೀನ್ರಿ ಅಕ್ಕಾ."

ಸಕ್ಕರೆ ಎಪ್ಪತ್ತರ ಕೆಳಗೆ ಬೀಳಬಾರದು, ಪರದೆಯ ಮೇಲೆ ಐವತ್ತೆಂಟು ಇತ್ತು. ಫಕೀರವ್ವನೆದುರೇ ಐವತ್ತೈದಾಯಿತು.

ಫಕೀರವ್ವನ ಗಂಟಲಿಗೆ ಬಂದದ್ದು ದಿನವೂ ಬರುತ್ತಿದ್ದದ್ದೇ. ಸುಳ್ಳು ಬೊಗಳಬೇಡ, ಅಂಕಿ ನನ್ನ ಕಣ್ಣ ಮುಂದಿದೆ, ಬಾಯಿಗೆ ಬೆಲ್ಲ ಹಾಕಿಕೋ, ಈಗಲೇ ಹಾಕಿಕೋ ಎಂದು ಕೂಗಿದಳು. ಕೂಗಿದಷ್ಟೂ ಆ ಕಡೆಯ ದನಿ ಸಣ್ಣದಾಯಿತು. ಖರೇನೇ ಉಂಡಿದ್ದೇನೆ, ಬೈಯಬೇಡಿ ಎಂದಿತು. ಸಾಯುವಷ್ಟು ಸುಸ್ತಾಗಿದ್ದರೂ ಆ ಹುಡುಗಿ ಬೈಗುಳ ತಪ್ಪಿಸಿಕೊಳ್ಳುವ ಲೆಕ್ಕದಲ್ಲೇ ಇದ್ದಳು.

ತಬಸ್ಸುಮ್ ಹಿಂದೆ ಬಂದು ಫಕೀರವ್ವನ ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ ಮಾತಾಡಲು ಹೇಳಿದಳು. ಹೇಗೆ ಮೆಲ್ಲಗೆ ಮಾತಾಡುವುದೆಂದು ಫಕೀರವ್ವನಿಗೆ ತಿಳಿಯಲಿಲ್ಲ. ಖಾನಾವಳಿಯಲ್ಲಿ, ಇಲ್ಲಿ, ಎಲ್ಲ ಕಡೆ ಕೂಗಿಯೇ ಬದುಕಿದವಳು. ಕಡೆಗೆ ಅವಳು ಕೇಳಿದ್ದು ಊಟದ ಮಾತಲ್ಲ, ಕೂಸಿನ ಮಿಸುಕಾಟದ ಮಾತು.

"ಕೂಸು ಹೊಳ್ಳಾಡಾಕತ್ತೈತೇನವಾ?"

ಈ ಸಲ ದನಿ ತೊದಲುತ್ತಿತ್ತು. "ಗೊತ್ತಾಗವಲ್ದು ಅಕ್ಕಾ. ಕೈ ನಡಗತಾವ. ಕಣ್ಣ ಮುಂದ ಎಲ್ಲಾ..." ಮಾತು ಅಲ್ಲಿಗೆ ನಿಂತಿತು.

ಬೇರೆ ದನಿ ಬಂತು. ಶಿವಲೀಲಾ. ಯಾರು ಮಾತಾಡುವುದು, ಸೊಸೆಗೆ ಏನಾಗಿದೆ ಎಂದು ಕೇಳಿದಳು. ಫಕೀರವ್ವ ಹೇಳಿದಳು. ಶಿವಲೀಲಾ, ಗ್ರಹಣ ಬಿಡಲು ಇನ್ನು ಸ್ವಲ್ಪವೇ ಇದೆ, ಬಿಟ್ಟ ಕೂಡಲೇ ಜಳಕ ಮಾಡಿಸಿ ಉಣಿಸುತ್ತೇನೆ, ಅಷ್ಟು ಹೊತ್ತು ತಡೆಯಿರಿ ಎಂದು ಬೇಡಿಕೊಂಡಳು.

ಬೈಯಲು ಇದಕ್ಕಿಂತ ಒಳ್ಳೆಯ ಕಾರಣ ಫಕೀರವ್ವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವಳು ಬೈಯಲಿಲ್ಲ.

"ಶಿವಲೀಲಕ್ಕಾ, ಆಕಿ ಮೈಯಾಗ ಔಷಧ ಹೊಕ್ಕೈತಿ. ನಾವ ಬಿಟ್ಟೀವಿ, ತಪ್ಪು ನಮ್ದು. ಗ್ರಹಣ ಬಿಡೂತನಕಾ ಅದು ಕಾಯಾಂಗಿಲ್ಲ. ಕೂಸಿನ ಮ್ಯಾಲ ಕೈ ಇಟ್ಟು ನೋಡ್ರಿ. ಹೊಳ್ಳಾಡ್ತೈತೇನ ಹೇಳ್ರಿ."

ಬಳೆಗಳ ಸದ್ದು ಪಟ್ಟಿಯ ಹತ್ತಿರ ಬಂತು. ಪರದೆಯಲ್ಲಿ ನಲವತ್ತೇಳು.

"ಹೋದ ಸಲಾನೂ ಈಕಿ ನನಗ ಹೇಳಿದ್ಲು," ಎಂದಿತು ಶಿವಲೀಲಾಳ ದನಿ. "ಕೂಸು ಹೊಳ್ಳಾಡವಲ್ದು ಅತ್ತಿ ಅಂತ. ಮುಂಜಾನೆ ನೋಡೂಣಂತ ಅಂದಿದ್ದೆ ನಾ."

ಬಾಗಿಲ ಚಿಲಕ ತೆಗೆದ ಸದ್ದು ಕೇಂದ್ರದಲ್ಲಿ ಕೇಳಿಸಿತು. ಬರಿಗಾಲಿನ ಓಟ. ಗ್ರಹಣ ಹಿಡಿದ ಅಂಗಳ ದಾಟಿ ಅಡುಗೆಮನೆಗೆ ಹೋಗಬೇಕಿತ್ತು. ಡಬ್ಬಿಯ ಮುಚ್ಚಳ ಕಲ್ಲಿನ ಮೇಲೆ ಬಿದ್ದು ತಿರುಗಿದ್ದು, ಈರಣ್ಣ ಏನೋ ಕೇಳಿದ್ದು, ಅದಕ್ಕೆ ಅವಳು ಉತ್ತರ ಕೊಡದೆ ವಾಪಸು ಬಂದದ್ದು ಎಲ್ಲ ಕೇಳಿಸಿತು.

ಆಮೇಲೆ ತಬಸ್ಸುಮ್ ಹೇಳಿದ್ದನ್ನೇ ಫಕೀರವ್ವ ತನ್ನ ಮಾತಿನಲ್ಲಿ ಹೇಳುತ್ತ ಹೋದಳು. ಮಗ್ಗುಲಾಗಿ ಮಲಗಿಸಬೇಕು. ನೀರು ಹಾಕಬಾರದು, ಉಸಿರಿಗೆ ಸಿಕ್ಕಿಬಿಡುತ್ತದೆ. ಬೆಲ್ಲವನ್ನು ಪುಡಿ ಮಾಡಿ, ಬೆರಳು ಒದ್ದೆ ಮಾಡಿಕೊಂಡು, ಕೆನ್ನೆಯ ಒಳಬದಿಗೆ, ವಸಡಿಗೆ ಸವರಬೇಕು. ಮತ್ತೆ ಸವರಬೇಕು. ಕೂಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿದಂತೆ ಹೇಳಿದಳು. ಅಂಕಿ ಇನ್ನೂ ಬಿತ್ತು. ನಲವತ್ತೊಂದು. ಮೂವತ್ತೊಂಬತ್ತು. ಅಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು.

"ನುಂಗಿದ್ಲ್ರಿ," ಎಂದಳು ಶಿವಲೀಲಾ. "ಯವ್ವಾ, ನುಂಗಿದ್ಲು."

ನಲವತ್ತಮೂರಾಯಿತು. ಆಂಬುಲೆನ್ಸಿನವರು ಬಾಗಿಲು ಬಡಿದಾಗ ಅಂಗಳದಲ್ಲಿ ಬಿಸಿಲು ಇನ್ನೂ ಮಂಕಾಗಿಯೇ ಇತ್ತು. ಅವರು ರಕ್ತನಾಳಕ್ಕೆ ಗ್ಲೂಕೋಸ್ ಹಚ್ಚಿ ಅವಳನ್ನು ಎತ್ತಿಕೊಂಡು ಹೋದರು. ಶಿವಲೀಲಾ ಬೆಲ್ಲ ಮೆತ್ತಿದ ಕೈಯಲ್ಲೇ ಗಾಡಿ ಹತ್ತಿದಳು.

ಭುವನಾ ಉಳಿದಳು. ಕೂಸಿನ ಎದೆಬಡಿತ ಆಸ್ಪತ್ರೆಯಲ್ಲಿ ಕೇಳಿಸಿತು. ಹಾಲಗುಂದಿಯ ಅಕ್ಷತಾ ಎಂಬವಳಿಗೆ ಅಷ್ಟು ಅದೃಷ್ಟವಿರಲಿಲ್ಲ. ಅವಳ ಪಟ್ಟಿಗೆ ದಪ್ಪ ದುಪ್ಪಟಿ ಸುತ್ತಿದ್ದರು. ಫಕೀರವ್ವನ ಬದಲು ಬೇರೊಬ್ಬಳು ಕೂಗಿದ ದನಿ ಅದರಿಂದ ಹೊರಗೆ ಕೇಳಿಸಲಿಲ್ಲ. ಬೆವರಿ ಮಲಗಿದವಳನ್ನು ಉಪವಾಸದ ನಿದ್ದೆ ಎಂದುಕೊಂಡರು. ಆಂಬುಲೆನ್ಸು ತಲುಪಿದಾಗ ತಾಯಿ ಇದ್ದಳು, ಕೂಸು ಇರಲಿಲ್ಲ. ಅವಳೂ ಫಕೀರವ್ವನ ಪಾಲಿನವಳೇ.

ವಿಚಾರಣೆ ನಡೆಯಿತು. ಪಟ್ಟಿ ಮಾಡಿದವರು ಬಂದು ಯಂತ್ರದಲ್ಲಿ ದೋಷವಿಲ್ಲ, ಕಲಿತಂತೆ ನಡೆದಿದೆ ಎಂದರು. ಮದ್ದಿಗೆ ಮೊದಲು ಊಟ ನಿಜವಾಗಿ ಬಂದಿದೆಯೇ ಎಂದು ಒಂದು ಸಲ ಕೇಳಿಕೊಳ್ಳುವಂತೆ ಅದನ್ನು ತಿದ್ದಿದರು. ಎರಡು ದಿನದ ಕೆಲಸ. ಎರಡು ದಿನದ ಕೆಲಸವನ್ನು ಮೊದಲೇ ಏಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, ಯಾರೂ ಕೇಳಿರಲಿಲ್ಲವಲ್ಲ ಎಂದರು. ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿತ್ತು, ವರದಿಯಲ್ಲಿ ಬರೆಯಲು ಯಾರಿಗೂ ಎದೆ ಇರಲಿಲ್ಲ. ಕೇಂದ್ರದ ಮಾತಿಗೆ ಕವಡೆ ಕಿಮ್ಮತ್ತು ಕೊಡದೆ, ಪಟ್ಟಿ ಕಿತ್ತು ಜೋಳ ತುಂಬಿಡುವ ಗುಮ್ಮಿಯಲ್ಲಿ ಹುಗಿದಿಟ್ಟ ಹೆಂಗಸರಿಗೆ ಆ ದಿನ ಏನೂ ಆಗಿರಲಿಲ್ಲ. ಮಾತು ಪೂರ್ತಿ ಮೀರಿದವರು ಉಳಿದರು. ಅರ್ಧ ಕೇಳಿದವರು ಸಾವಿನ ಬಾಗಿಲಿಗೆ ಹೋದರು.

ಅಧಿಕಾರಿಗಳು ಭುವನಾಳ ಹಾಸಿಗೆಯ ಬಳಿ ನಿಂತು, ಉಣ್ಣದಿದ್ದರೂ ಉಂಡೆ ಎಂದು ಏಕೆ ಹೇಳಿದೆ ಎಂದು ಕೇಳಿದರು. ಫಕೀರವ್ವ ಬಾಗಿಲಲ್ಲಿದ್ದಳು. ಹುಡುಗಿ ಅವಳ ಕಡೆ ನೋಡದೆ, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು.

"ಅಕ್ಕಾರು ಪಟ್ಟಿ ತಗೀಬ್ಯಾಡಂದ್ರು, ತಗೀಲಿಲ್ಲ. ಅತ್ತಿ ಉಣಬ್ಯಾಡಂದ್ರು, ಉಣಲಿಲ್ಲ. ಎಲ್ಲಾರ ಮಾತೂ ಕೇಳೀನ್ರಿ ನಾ."

ಫಕೀರವ್ವ ಆ ದಿನ ಕೇಂದ್ರಕ್ಕೆ ಹೋಗಲಿಲ್ಲ. ಬಸ್ಸು ಹತ್ತಿ ಹಾಲಗುಂದಿಗೆ ಹೋಗಿ ಅಕ್ಷತಾಳ ಮನೆಯ ಕಟ್ಟೆಯ ಮೇಲೆ ಕೂತಳು. ಒಳಗೆ ಕರೆಯಲಿಲ್ಲ, ಹೋಗು ಎಂದೂ ಯಾರೂ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ವಾಪಸಾದಳು. ಕೆಲಸ ಬಿಡುವುದಾಗಿ ಹೇಳಿದ್ದಕ್ಕೆ ತಬಸ್ಸುಮ್ ಒಪ್ಪಲಿಲ್ಲ. ಬಿಟ್ಟುಹೋಗುವುದಾದರೆ ತಾನೂ ಹೋಗಬೇಕಾಗುತ್ತದೆ, ಪರದೆಯ ಮೇಲೆ ದೀಪಗಳು ಇದ್ದೇ ಇರುತ್ತವೆ ಎಂದಳು.

ಭುವನಾಳಿಗೆ ದಿನ ತುಂಬಿ ಹೆಣ್ಣುಕೂಸು ಹುಟ್ಟಿತು. ಹದವಾದ ತೂಕ. ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದಾಗ ಸಕ್ಕರೆ ತುಸು ಕಡಿಮೆ ಇತ್ತು, ಎದೆಹಾಲು ಕುಡಿದ ಮೇಲೆ ಸರಿಹೋಯಿತು. ಮಾಸು ಹೊರಬಿದ್ದ ಮೇಲೆ ತಾಯಿಯ ಸಕ್ಕರೆಯೂ ಇಳಿಯಿತು. ಪಟ್ಟಿ ತೆಗೆದರು. ಅಲ್ಲಿಗೆ ಕಾಯಿಲೆ ಮುಗಿಯಿತೆಂದು ಜನ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಬಸುರಿನಲ್ಲಿ ಸಕ್ಕರೆ ಬಂದವಳಿಗೆ ಮುಂದೆ ಅದು ಖಾಯಂ ಆಗಿ ಬರುವ ಸಂಭವ ಹೆಚ್ಚು. ಆರು ವಾರಕ್ಕೆ ಒಮ್ಮೆ ಪರೀಕ್ಷೆ ಆಗಬೇಕು, ಆಮೇಲೂ ಆಗುತ್ತಲೇ ಇರಬೇಕು. ಕೂಸು ಮಡಿಲಿಗೆ ಬಂದ ಮೇಲೆ ಅರ್ಧಕ್ಕರ್ಧ ಹೆಂಗಸರು ಬರುವುದೇ ಇಲ್ಲ.

ಆರು ವಾರವಾದಾಗ ಫಕೀರವ್ವ ಭುವನಾಳಿಗೆ ಫೋನು ಮಾಡಿದಳು. ಗುರುವಾರ ಪರೀಕ್ಷೆ ಇದೆ, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಳು. ಆ ಕಡೆ ಮಗ್ಗದ ಸದ್ದು ಜೋರಾಗಿತ್ತು. ಭುವನಾ ತಡೆದು ತಡೆದು ಮಾತಾಡಿದಳು.

"ಗುರುವಾರ ಬರಾಂಗಿಲ್ಲ ಅಕ್ಕಾ. ಅವತ್ತ ಕೂಸಿನ್ನ ತೊಟ್ಲಾಗ ಹಾಕ್ತೀವಿ, ಹೋಳಿಗಿ ಮಾಡ್ತಾರ, ನಾ ತಿಂತೀನಿ. ಸೋಮವಾರ ಬರ್ತೀನಿ."

ಬಾಣಂತಿ, ಅದೂ ಸಕ್ಕರೆ ಬಂದ ಬಾಣಂತಿ, ಹೋಳಿಗೆ ತಿನ್ನುತ್ತೇನೆಂದು ಮುಖದ ಮೇಲೆ ಹೇಳುತ್ತಿದ್ದಾಳೆ. ಇಪ್ಪತ್ತು ವರ್ಷ ಖಾನಾವಳಿಯಲ್ಲಿ ಯಾರೂ ಫಕೀರವ್ವನಿಗೆ ಹೀಗೆ ಹೇಳಿರಲಿಲ್ಲ. ಕೇಂದ್ರದಲ್ಲಂತೂ ಒಬ್ಬ ಹೆಂಗಸೂ ಹೇಳಿರಲಿಲ್ಲ. ಪಕ್ಕದ ಹುಡುಗಿಯರು ಇನ್ನೇನು ಬೈಗುಳ ಬರುತ್ತದೆ ಎಂದು ತಮ್ಮ ಫೋನುಗಳಿಗೆ ಕೈ ಅಡ್ಡ ಹಿಡಿದರು.

ಫಕೀರವ್ವ ಗುರುವಾರವನ್ನು ಅಳಿಸಿ ಸೋಮವಾರ ಎಂದು ಬರೆದುಕೊಂಡಳು. ಆಗಲಿ, ಸೋಮವಾರವೇ ಬಾ ಎಂದಳು.

ಸೋಮವಾರ ಭುವನಾ ಬಂದಳು.